ಒದ್ದೆ ಕಾಗದದ ಮೇಲಿನ ಅಳತೆ

ಕತ್ತರಿ ಹುಡುಕಲು ಹೋದವನಿಗೆ ಮಾತ್ರೆಗಳು ಸಿಕ್ಕಿದವು. ಅಕ್ಕನ ಮೇಜಿನ ಎರಡನೇ ಖಾನೆಯಲ್ಲಿ, ಹಳೆಯ ಕನ್ನಡಕದ ಡಬ್ಬಿಯ ಕೆಳಗೆ, ನಾಲ್ಕು ಪಟ್ಟಿಗಳು. ಯಾವುದರಲ್ಲೂ ಒಂದು ಗುಳಿಯೂ ಒಡೆದಿರಲಿಲ್ಲ, ಔಷಧಿ ಅಂಗಡಿಯವನು ಸುತ್ತಿದ್ದ ರಬ್ಬರ್ ಬ್ಯಾಂಡ್ ಕೂಡ ಹಾಗೇ ಇತ್ತು. ಚೀಟಿಯ ಮೇಲಿನ ತಾರೀಖು ನೋಡಿದ. ಇಪ್ಪತ್ತಮೂರು ದಿನದ ಹಿಂದಿನದು. ಖಾನೆಯನ್ನು ಸದ್ದಾಗದಂತೆ ಮುಚ್ಚಿ, ನಂಬಿಕೆ ಸಾಲದೆ ಮತ್ತೆ ತೆರೆದು ನೋಡಿ, ಮತ್ತೆ ಮುಚ್ಚಿದ. ಮಾತ್ರೆ ಬಿಟ್ಟವಳು ಅವಳು, ಬೆವರುತ್ತಿರುವವನು ನಾನು, ಇದೆಂಥ ನ್ಯಾಯ ಅಂತ ಅವನಿಗೆ ರೇಗಿತು. ಆದರೆ ರೇಗಿದ್ದು ಯಾರ ಮೇಲೆ ಅಂತ ಕೇಳಿಕೊಳ್ಳುವ ಧೈರ್ಯ ಬರಲಿಲ್ಲ. ಅಡುಗೆಮನೆಯಿಂದ ದಾಳಿಂಬೆ ಸಿಪ್ಪೆ ಕುದಿಯುವ ಒಗರು ವಾಸನೆ ಬರುತ್ತಿತ್ತು. ಐದು ತಿಂಗಳಿಂದ ಆ ಮನೆಯ ಪರದೆ, ಟವೆಲು, ದಿಂಬಿಗೆಲ್ಲ ಅದೇ ವಾಸನೆ. ಇಪ್ಪತ್ತನಾಲ್ಕು ದಿನದ ಹಿಂದೆ ಊಟಕ್ಕೆ ಕೂತಾಗ, ಅಂದು ಪ್ರಯೋಗಾಲಯದಲ್ಲಿ ಪ್ರೊಫೆಸರಮ್ಮ ಎಲ್ಲರೆದುರು ಹೊಗಳಿದ ಗುಂಗಿನಲ್ಲಿ, ತಟ್ಟೆಯಿಂದ ತಲೆಯೆತ್ತದೆ ಅವನು ಒಂದು ಮಾತು ಹೇಳಿದ್ದ: "ಮಾತ್ರೆ ತಿಂದ ಇಲಿಗೂ ಸಿಪ್ಪೆ ಕುಡಿದ ಇಲಿಗೂ ಅಂಥಾ ವ್ಯತ್ಯಾಸವೇನಿಲ್ಲ ಅಕ್ಕ." ಮಾತ್ರೆ ಬಿಡು ಅಂತ ಹೇಳಿರಲಿಲ್ಲ. ಬಿಡಬೇಡ ಅಂತಲೂ ಹೇಳಿರಲಿಲ್ಲ. ಅಕ್ಕ ನೀರಿನ ಲೋಟ ಕೆಳಗಿಟ್ಟು ಅವನನ್ನೇ ನೋಡಿದ್ದಳು. ಆ ನೋಟ ಅವನಿಗೆ ಆಗ ಹೆಮ್ಮೆಯದ್ದಾಗಿ ಕಂಡಿತ್ತು.

ಕತ್ತರಿಯಿಲ್ಲದೆ ಅಡುಗೆಮನೆಗೆ ಹೋದ. ಅಕ್ಕ ಲೋಟದ ಕಂದು ನೀರನ್ನು ಊದಿ ಊದಿ ಕುಡಿಯುತ್ತಿದ್ದಳು, ಮುಖ ಕಿವುಚದೆ, ಅವನಿಗೆ ಕಾಣಲಿ ಅಂತಲೇ ಕಿವುಚದೆ. ಅವಳ ಕೈಗಡಿಯಾರದ ಪಟ್ಟಿ ಸಡಿಲಾಗುತ್ತ ಕೊನೆಯ ತೂತಿಗೆ ಬಂದಿತ್ತು. ಸ್ಟೆರಾಯ್ಡಿನ ಊತ ಇಳಿಯುತ್ತಿದೆ, ಒಳ್ಳೆಯ ಲಕ್ಷಣ ಅಂದುಕೊಂಡ.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮನೇಲಿ ನೋಡು, ಬೇರೆಯವ್ರು ಬಿಸಾಕಿದ ಸಿಪ್ಪೇನೇ ಮದ್ದು," ಅಂದಳು ಅಕ್ಕ. "ಏನೋ ಪುಟ್ಟ, ಬೆಳಗ್ಗೆ ಬೆಳಗ್ಗೆ ಹರಳೆಣ್ಣೆ ಕುಡಿದವನ ಮುಖ ಮಾಡ್ಕೊಂಡಿದೀಯ?"

"ಏನಿಲ್ಲ. ಇವತ್ತು ಎರಡನೇ ಸಲದ ಅಳತೆ."

"ಮತ್ತೇನು, ಆ ಇಲಿಗಳಿಗೆ ಬೆಳಿಗ್ಗೆಯಿಂದಲೇ ಪ್ರಾಣಸಂಕಟ." ನಕ್ಕಳು. "ಪುಸ್ತಕ ಫ್ರಿಜ್ ಮೇಲಿದೆ. ನೋಡ್ಕೊಂಡು ಹೋಗು."

ಪುಸ್ತಕ ಅಂದರೆ ಅವನೇ ಗೆರೆ ಎಳೆದು ಕೊಟ್ಟ ನೋಟುಬುಕ್ಕು. ದಿನಕ್ಕೆ ಎಷ್ಟು ಸಲ ಶೌಚಕ್ಕೆ, ರಕ್ತ ಇದೆಯೋ ಇಲ್ಲವೋ, ನೋವು ಹತ್ತರಲ್ಲಿ ಎಷ್ಟು. ಅಕ್ಕನ ದುಂಡು ಅಕ್ಷರದಲ್ಲಿ ಮೂರು ವಾರದ ಲೆಕ್ಕ: ಎರಡು, ಎರಡು, ಒಂದು, ಎರಡು. ರಕ್ತದ ಸಾಲಿನಲ್ಲಿ ಇಲ್ಲ, ಇಲ್ಲ, ಇಲ್ಲ. ಅವನು ನಿಂತಲ್ಲೇ ಎರಡು ಸಲ ಓದಿದ. ಮಾತ್ರೆ ಇಲ್ಲದೆ ಇಪ್ಪತ್ತಮೂರು ದಿನ, ಆದರೂ ಎರಡು, ಆದರೂ ಇಲ್ಲ. ಭಯದ ಅಡಿಯಿಂದ ನಾಚಿಕೆಗೆಟ್ಟ ಒಂದು ಖುಷಿ ಎದ್ದಿತು. ಹಾಗಾದರೆ ಇಲಿಯಲ್ಲೇ ಏಕೆ, ಮನುಷ್ಯರಲ್ಲೇ ಆಯಿತಲ್ಲ! ಈಗ ಬೈದು ಮಾತ್ರೆ ತಿನ್ನಿಸುವುದು ಅವನ ಧರ್ಮ. ಸಂಜೆ ಹೇಳಿದರಾಯಿತು, ಇವತ್ತಿನ ಅಳತೆಯೂ ಮೊದಲಿನ ಹಾಗೇ ಬಂದರೆ ಬೈಯುವ ಪ್ರಮೇಯವೇ ಇರದು ಅಂತ ಚಪ್ಪಲಿ ಹಾಕಿಕೊಂಡ. ಭಾವ ಇದ್ದಿದ್ದರೆ ಹೇಳಿಬಿಡುತ್ತಿದ್ದನೇನೋ. ದೂರದ ಊರುಗಳಿಗೆ ಬಸ್ಸು ಓಡಿಸುವ ಭಾವ ವಾರಕ್ಕೊಮ್ಮೆ ಮನೆಗೆ ಬರುವವನು, ಬಂದಾಗ 'ಏನು ಇಲಿಡಾಕ್ಟ್ರೇ' ಅಂತ ಬೆನ್ನು ತಟ್ಟಿ ಮಲಗಿಬಿಡುವವನು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಕಿಟಕಿಯ ಪಕ್ಕ ಕೂತಾಗಲೆಲ್ಲ ಅದೇ ನೆನಪು ಬಂದು ಒತ್ತಿಕೊಂಡು ಪಕ್ಕದಲ್ಲಿ ಕೂರುತ್ತದೆ. ಎಂಟು ವರ್ಷದ ಹಿಂದೆ, ಅವನ ಇಂಟರ್ವ್ಯೂಗೆ ಅಕ್ಕ ಜೊತೆಗೆ ಬಂದಿದ್ದಳು, ಹೊಸ ಶರ್ಟಿಗೆ ಇಸ್ತ್ರಿ ಹಾಕಿಕೊಟ್ಟು. ಕಾಯಿಲೆಗೆ ಆಗಿನ್ನೂ ಹೆಸರು ಸಿಕ್ಕಿರಲಿಲ್ಲ. ಅರ್ಧ ದಾರಿಯಲ್ಲಿ ಎದ್ದು ಹೋಗಿ ಡ್ರೈವರನ ಹತ್ತಿರ ಬಗ್ಗಿ ಏನೋ ಕೇಳಿದಳು. ಡ್ರೈವರ್ ಬಸ್ಸಿಗೆಲ್ಲ ಕೇಳುವ ಹಾಗೆ, "ಇನ್ನು ಹತ್ತು ನಿಮಿಷ ತಡ್ಕೊಳಮ್ಮ, ಎಲ್ಲಂದ್ರಲ್ಲಿ ನಿಲ್ಸಕ್ಕಾಗಲ್ಲ," ಅಂದ. ಯಾರೋ ನಕ್ಕರು. ಅವಳು ಕಂಬ ಹಿಡಿದು ಕಣ್ಣು ಮುಚ್ಚಿ ನಿಂತಳು, ಆಮೇಲೆ ಕಂಬ ಹಿಡಿದ ಕೈಯೇ ಸಡಿಲವಾಯಿತು, ಹತ್ತಿರ ಕೂತವರು ಮೂಗು ಮುಚ್ಚಿಕೊಂಡು ಎದ್ದರು. ಅವನು, ಮೂವತ್ತರ ಗಂಡಸು, ಅವಳ ಕೈಯಡಿಗೆ ಬೆಳೆದವನು, ಕಿಟಕಿಯಾಚೆ ಬೋರ್ಡುಗಳನ್ನು ಓದುತ್ತ ಕೂತ. ಟೈರು ಅಂಗಡಿ. ಗಾಜಿನ ಅಂಗಡಿ. ಬ್ಯಾಟರಿ ರಿಪೇರಿ. ಅವಳು ಅವನ ಕಡೆ ಒಮ್ಮೆಯೂ ತಿರುಗಲಿಲ್ಲ. ಅವನ ಪರಿಚಯವೇ ಇಲ್ಲದವಳ ಹಾಗೆ ಮುಂದಿನ ಬಾಗಿಲಿಂದ ಇಳಿದಳು. ಅವನು ಹಿಂದಿನ ಬಾಗಿಲಿಂದ, ಒಂದು ನಿಮಿಷ ಬಿಟ್ಟು. ನಿಲ್ದಾಣದ ನಲ್ಲಿಯಲ್ಲಿ ತೊಳೆದುಕೊಂಡು ಬಂದವಳು ಕೇಳಿದ್ದು ಒಂದೇ: "ನಿನ್ನ ಶರ್ಟಿಗೇನೂ ತಾಗ್ಲಿಲ್ಲ ತಾನೆ?" ಆ ಪ್ರಶ್ನೆಯನ್ನು ಅವನು ಇನ್ನೂ ಜೀರ್ಣಿಸಿಕೊಂಡಿಲ್ಲ. ಅದೇ ವರ್ಷ ಅವಳ ದೊಡ್ಡ ಕರುಳಿನ ಉರಿಯೂತಕ್ಕೆ ಡಾಕ್ಟರು ಹೆಸರಿಟ್ಟರು. ಅದೇ ವರ್ಷ ಅವನಿಗೆ ಈ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಿದ್ದು ಪ್ರಾಯಶ್ಚಿತ್ತಕ್ಕೆ ಅಂತ ಅವನು ಯಾರಿಗೂ ಹೇಳಿಲ್ಲ. ಹೇಳಿದರೆ ಬಸ್ಸಿನ ಕಥೆಯನ್ನೂ ಹೇಳಬೇಕಾಗುತ್ತಿತ್ತು.

ಬಸ್ಸು ಇಳಿದಲ್ಲಿ ಜ್ಯೂಸಿನಂಗಡಿಯವನು ದಾಳಿಂಬೆ ಸಿಪ್ಪೆಯ ಚೀಲವನ್ನು ಕಟ್ಟಿಟ್ಟಿದ್ದ. "ಬಂದ್ರಾ ಸಿಪ್ಪೆ ಸಾಹೇಬ್ರು? ರಸ ನಮಗೆ, ಕಸ ನಿಮಗೆ. ಎಂಥಾ ಪಾಲುದಾರಿಕೆ ನೋಡಿ!" ಅಂದವನು ದನಿ ತಗ್ಗಿಸಿ, "ನಮ್ಮಪ್ಪನಿಗೂ ಒಂದು ವಾರದಿಂದ ಹೊಟ್ಟೆ ಸರಿ ಇಲ್ಲ. ಇದನ್ನೇ ಕುದಿಸಿ ಕೊಡ್ಲಾ?" ಅಂತ ಕೇಳಿದ.

"ಕೊಡ್ಬೇಡಿ!" ಅಂದ ಅವನು. ಗ್ಲಾಸು ಹಿಡಿದಿದ್ದ ಇಬ್ಬರು ತಿರುಗಿ ನೋಡುವಷ್ಟು ಜೋರಾಗಿ. "ಡಾಕ್ಟರಿಗೆ ತೋರ್ಸಿ. ಮೊದ್ಲು ಡಾಕ್ಟರಿಗೆ ತೋರ್ಸಿ."

"ಹಂಗಾದ್ರೆ ನೀವು ಚೀಲಗಟ್ಲೆ ಯಾಕೆ ಒಯ್ತೀರಿ ಮಾರಾಯ್ರೆ?"

ದಾರಿಯ ಮೇಲಿನವನಿಗೆ ಹೇಳಲು ಬಂದ ಮಾತು ಅಡುಗೆಮನೆಯಲ್ಲಿ ಯಾಕೆ ಬರಲಿಲ್ಲ ಅಂತ ಯೋಚಿಸುತ್ತ ಚೀಲ ಹೊತ್ತು ನಡೆದ. ಬೆನ್ನಿಗೆ ಸಿಪ್ಪೆಯ ನೀರು ಸೋರುತ್ತಿತ್ತು.

ಪ್ರಯೋಗಾಲಯ ಮೂರನೇ ಮಹಡಿಯಲ್ಲಿ. ಅಲ್ಲಿ ಮಾಡುವುದನ್ನು ಹೇಳಿದರೆ ಸುಲಭ: ಇಲಿಗಳಿಗೆ ಏಳು ದಿನ ನೀರಿನಲ್ಲಿ ಒಂದು ಪುಡಿ ಬೆರೆಸಿ ಕೊಟ್ಟರೆ ಕರುಳು ಹುಣ್ಣಾಗುತ್ತದೆ, ರಕ್ತ ಬೀಳುತ್ತದೆ, ದೊಡ್ಡ ಕರುಳು ಮುದುಡಿ ಗಿಡ್ಡವಾಗುತ್ತದೆ. ಕೆಲವಕ್ಕೆ ಸಿಪ್ಪೆಯ ಸಾರ, ಕೆಲವಕ್ಕೆ ಅಂಗಡಿಯ ಔಷಧಿ, ಕೆಲವಕ್ಕೆ ಏನೂ ಇಲ್ಲ. ಕೊನೆಗೆ ಕರುಳನ್ನು ಹೊರತೆಗೆದು ಒದ್ದೆ ಕಾಗದದ ಮೇಲೆ, ಉಕ್ಕಿನ ಸ್ಕೇಲಿನ ಪಕ್ಕ ಮಲಗಿಸಿ ಅಳೆಯುವುದು. ಉದ್ದ ಉಳಿದಷ್ಟೂ ಗುಣ. ಹಳದಿ ಚೀಟಿ ಔಷಧಿಯ ಪಂಜರ, ಕೆಂಪು ಏನೂ ಕೊಡದ್ದು, ಹಸಿರು ಸಿಪ್ಪೆಯದ್ದು. ಐದು ತಿಂಗಳ ಹಿಂದೆ ಹಸಿರು ಚೀಟಿಯ ಇಲಿಗಳ ಕರುಳು ಏಳು ಸೆಂಟಿಮೀಟರ್ ದಾಟಿದಾಗ ಪ್ರೊಫೆಸರಮ್ಮ ಕುರ್ಚಿಯಿಂದ ಎದ್ದು ಬಂದು ಅವನ ಕೈ ಕುಲುಕಿದ್ದರು. 'ಕಸದಿಂದ ರಸ' ಅಂತ ಭಾಷಣ ಮಾಡಿದರು. ವಿಜ್ಞಾನ ಪತ್ರಿಕೆಗೆ ಕಳಿಸಿದ ಲೇಖನ ಮಾತ್ರ ಒಂದು ಸಾಲಿನೊಂದಿಗೆ ವಾಪಸ್ಸು ಬಂತು: ಅಳೆಯುವವನಿಗೆ ಯಾವುದು ಯಾವ ಗುಂಪಿನದೆಂದು ತಿಳಿಯದ ಹಾಗೆ ಇನ್ನೊಮ್ಮೆ ಮಾಡಿ. ಅದಕ್ಕೇ ಇವತ್ತು ಬಣ್ಣದ ಚೀಟಿಗಳಿಲ್ಲ, ಬರೀ ನಂಬರು. ಯಾವ ನಂಬರು ಯಾವ ಗುಂಪು ಅನ್ನುವುದು ಪ್ರೊಫೆಸರಮ್ಮನ ಮೇಜಿನ ಮೇಲಿನ ಅಂಟಿಸಿದ ಲಕೋಟೆಯಲ್ಲಿ.

ಮೊದಲನೆಯದನ್ನು ಕಾಗದದ ಮೇಲೆ ಮಲಗಿಸಿದ. ಒಂದು ತುದಿಯನ್ನು ಸೊನ್ನೆಗೆ ಹಿಡಿದು, ಚಿಮುಟದಿಂದ ಇನ್ನೊಂದು ತುದಿಯನ್ನು ನೇರ ಮಾಡಲು ಹೋದ. ಕೈ ನಿಂತಿತು. ಸುಮ್ಮನೆ ನಿಂತಿತು, ಅಡ್ಡರಸ್ತೆಯಲ್ಲಿ ದಾರಿ ಕೇಳಲು ನಿಂತವನ ಹಾಗೆ. ಏನನ್ನು ಕೇಳುತ್ತಿದೆ ಅಂತ ಒಂದು ಕ್ಷಣ ಅವನಿಗೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇದು ಯಾವ ಬಣ್ಣ ಅಂತ ಕೇಳುತ್ತಿತ್ತು. ಎಷ್ಟು ಎಳೆಯಲಿ ಅಂತ ಕೇಳುತ್ತಿತ್ತು. ಒದ್ದೆ ಕರುಳು ರಬ್ಬರಿನಂತಲ್ಲ, ಹಿಟ್ಟಿನಂತೆ. ಚೂರು ಎಳೆದರೆ ಚೂರು ಬರುತ್ತದೆ, ಬಂದದ್ದು ಹಾಗೇ ಉಳಿಯುತ್ತದೆ. ತನ್ನ ಭಾರಕ್ಕೆ ತಾನು ಮಲಗಿದ ಹಾಗೆ ಬಿಡಬೇಕು, ಎಳೆಯಕೂಡದು ಅಂತ ಹೊಸಬರಿಗೆ ಪಾಠ ಹೇಳುವವನೇ ಅವನು. ಐದು ತಿಂಗಳ ಹಿಂದೆ ಕೆಂಪು ಚೀಟಿಯವನ್ನು ಸುಮ್ಮನೆ ಇಟ್ಟಿದ್ದ. ಹಸಿರಿನವುಗಳ ಸುಕ್ಕು ಬಿಡಿಸಿದ್ದ. ಸುಕ್ಕು ಬಿಡಿಸುವುದು ಅಂತಲೇ ಆಗ ತಿಳಿದಿದ್ದ, ಅಮ್ಮ ಮಗುವಿನ ಅಂಗಿಯನ್ನು ಮಂಡಿಯ ಮೇಲೆ ಸವರುವ ಹಾಗೆ. ಆ ಚೀಟಿಯ ಹಸಿರಿನಲ್ಲಿ ಅವನಿಗೆ ಕಂಡದ್ದು ಇಲಿಯಲ್ಲ, ಬಸ್ಸಿನ ಕಂಬ ಹಿಡಿದ ಕೈ. ಸುಳ್ಳು ಹೇಳಿದ್ದರೆ ವಾಸಿಯಿತ್ತು, ಸುಳ್ಳು ಹೇಳಿದವನಿಗೆ ನಿಜ ಎಲ್ಲಿದೆ ಅಂತಾದರೂ ಗೊತ್ತಿರುತ್ತದೆ.

ಮೂವತ್ತೆರಡು ಇಲಿಗಳು. ಪ್ರತಿಯೊಂದನ್ನೂ ಕೈ ತಾಗಿಸಲು ಹೆದರಿ, ಕಾಗದದ ಮೇಲೆ ಬಿದ್ದ ಹಾಗೇ ಬಿಟ್ಟು ಅಳೆದ. ಬರೆದುಕೊಂಡ. ಮಧ್ಯಾಹ್ನ ಎರಡಕ್ಕೆ ಪ್ರೊಫೆಸರಮ್ಮ ಲಕೋಟೆ ಒಡೆದು, ಕನ್ನಡಕ ಏರಿಸಿ, ಪೆನ್ಸಿಲಿನಲ್ಲಿ ಸರಾಸರಿ ತೆಗೆದರು. ಏನೂ ಕೊಡದ್ದು ಆರು ಪಾಯಿಂಟ್ ಒಂದು. ಔಷಧಿಯದು ಏಳು ಪಾಯಿಂಟ್ ನಾಲ್ಕು. ಸಿಪ್ಪೆಯದು ಆರು ಪಾಯಿಂಟ್ ಒಂದು. ಅವರು ಇನ್ನೊಮ್ಮೆ ಕೂಡಿದರು. ಹೊರಗೆ ಯಾರೋ ಬಕೆಟ್ಟಿಗೆ ನೀರು ಬಿಟ್ಟು ಮರೆತಿದ್ದರು, ತುಂಬಿ ಹರಿಯುವ ಸದ್ದು ಬರುತ್ತಿತ್ತು.

"ಸಿಪ್ಪೇನೇ ಕೆಟ್ಟಿರ್ಬೇಕು," ಅಂದರು ಕೊನೆಗೆ. ಕೆಟ್ಟ ಹೆಂಗಸಲ್ಲ ಅವರು, ದಣಿದವರು. "ಆ ಜ್ಯೂಸ್ ಅಂಗಡಿಯವನು ಎಲ್ಲೆಲ್ಲಿ ಇಟ್ಟಿರ್ತಾನೋ, ಬೂಷ್ಟು ಹಿಡಿದಿರುತ್ತೆ. ಮೊದಲ್ನೇ ಸಲ ಅಷ್ಟು ಚೆನ್ನಾಗಿ ಬಂದಿತ್ತಲ್ಲ? ನಿಮ್ಮ ಕೈ ಅಂದ್ರೆ ಕೈ. ಅಳತೇಲಿ ತಪ್ಪಾಗಿರೋಕೆ ಸಾಧ್ಯಾನೇ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಗೊತ್ತಿದ್ದೂ ಅವನು ಎರಡೂ ಕೈಯನ್ನು ಕೋಟಿನ ಜೇಬಿಗೆ ಇಳಿಸಿದ. ಈಗ ಹೇಳಬೇಕು. ಹೇಳಿದರೆ ಕೆಲಸ ಹೋಗಬಹುದು, ಹೋಗದೆಯೂ ಇರಬಹುದು, ಅದು ದೊಡ್ಡದಲ್ಲ. ದೊಡ್ಡದು ಅಂದರೆ ಇಲ್ಲಿ ಹೇಳಿದ್ದನ್ನು ಮನೆಯಲ್ಲೂ ಹೇಳಬೇಕು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಯಿತು. ಅಷ್ಟರಲ್ಲಿ ನೋಟುಬುಕ್ಕು ನೆನಪಾಯಿತು. ಎರಡು, ಎರಡು, ಒಂದು, ಎರಡು. ಇಲಿಯದ್ದು ಸುಳ್ಳಾದರೂ ಅಕ್ಕನದ್ದು ನಿಜ ತಾನೆ! ಯಾರಿಗೆ ಗೊತ್ತು, ಇಲಿಗೆ ಹತ್ತದ್ದು ಮನುಷ್ಯರಿಗೆ ಹತ್ತುತ್ತದೇನೋ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಆ ಅಂಕಿಗಳನ್ನು ಹಿಡಿದುಕೊಂಡು, "ಇರಬಹುದು ಮೇಡಂ, ಸಿಪ್ಪೆ ಕೆಟ್ಟಿರಬಹುದು," ಅಂದ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು.

ಜೇಬಿನಲ್ಲಿ ಫೋನು ಅದುರಿತು. ಅಕ್ಕ ಕೆಲಸ ಮಾಡುವ ಗ್ರಂಥಾಲಯದಿಂದ, ಅವಳ ಜೊತೆ ಕೌಂಟರಿನಲ್ಲಿ ಕೂರುವ ಹೆಂಗಸು. "ನಿಮ್ಮಕ್ಕ ಟಾಯ್ಲೆಟ್ಟಿಗೆ ಹೋಗಿ ಒಂದೂವರೆ ಗಂಟೆ ಆಯ್ತು. ಚಿಲಕ ಹಾಕ್ಕೊಂಡಿದಾರೆ. ಕರೆದ್ರೆ 'ಬಂದೆ ಬಂದೆ' ಅಂತಾರೆ, ಬರ್ತಿಲ್ಲ. ನಿಮಗೆ ಹೇಳ್ಬೇಡ ಅಂತಾನೇ ಹೇಳಿದ್ರು. ಅದಕ್ಕೇ ಹೇಳ್ತಿದೀನಿ."

ಗ್ರಂಥಾಲಯ ನಾಲ್ಕು ರಸ್ತೆ ಆಚೆ. ಓಡಿದನೋ ನಡೆದನೋ ನೆನಪಿಲ್ಲ. ಓದುವ ಹಾಲಿನಲ್ಲಿ ಇಪ್ಪತ್ತು ಮೂವತ್ತು ಜನ ತಲೆ ತಗ್ಗಿಸಿ ಕೂತಿದ್ದರು, ಅವನ ಬೂಟಿನ ಸದ್ದಿಗೆ ಒಬ್ಬೊಬ್ಬರೇ ತಲೆಯೆತ್ತಿದರು. ಆ ಹೆಂಗಸು ಕಾರಿಡಾರಿನ ಕೊನೆಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. "ಒಳಗೆ ಬೇರೆ ಯಾರೂ ಇಲ್ಲ, ಹೋಗಿ, ನಾನು ಇಲ್ಲಿ ಕಾಯ್ತೀನಿ." ಹೆಂಗಸರ ಟಾಯ್ಲೆಟ್ಟಿನೊಳಗೆ ಬಿಳಿ ಟೈಲ್ಸು, ಎರಡು ವಾಶ್‌ಬೇಸಿನ್ನು, ಒಂದೇ ಒಂದು ಮುಚ್ಚಿದ ಬಾಗಿಲು. ಬಾಗಿಲ ಕೆಳಗಿನ ಸಂದಿಯಲ್ಲಿ ಅಕ್ಕನ ಚಪ್ಪಲಿ, ಒಂದು ನೇರ, ಒಂದು ಮಗುಚಿದ್ದು.

"ಅಕ್ಕಾ."

ಒಳಗೆ ಉಸಿರು ನಿಂತಿತು. "ನೀನ್ಯಾಕೆ ಬಂದೆ? ಅವಳಿಗೆ ಬಾಯಲ್ಲಿ ಒಂದು ಕಾಳು ನಿಲ್ಲಲ್ಲ."

"ಬಾಗಿಲು ತೆಗಿ."

"ತೆಗೆಯೋ ಹಾಗಿಲ್ಲ ಪುಟ್ಟ. ಸ್ವಲ್ಪ ಇರು. ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ, ಅಷ್ಟೇ."

"ರಕ್ತ ಇದೆಯಾ?"

ಒಳಗೆ ಫ್ಲಶ್ಶಿನ ತೊಟ್ಟಿಯಲ್ಲಿ ನೀರು ತುಂಬುವ ಸದ್ದು ಬಂತು.

"ಅಕ್ಕಾ, ಇವತ್ತು ಎಷ್ಟನೇ ಸಲ?"

"ಹನ್ನೆರಡು," ಅಂದಳು. ಲೆಕ್ಕ ತಪ್ಪದ ಅಭ್ಯಾಸ ಅವಳದು. "ಇಲ್ಲ, ಹದಿಮೂರು."

"ಪುಸ್ತಕದಲ್ಲಿ ಎರಡು ಅಂತ ಬರ್ದಿದ್ಯಲ್ಲ!"

"ಬರೆದೆ. ಏನು ಮಾಡ್ಲಿ? ನೀನು ಆ ಪುಸ್ತಕ ಓದ್ಬೇಕಾದ್ರೆ ನಾನು ನಿನ್ನ ಮುಖ ನೋಡ್ತಿದ್ದೆ." ದನಿಯಲ್ಲಿ ಕಳ್ಳತನ ಸಿಕ್ಕಿಬಿದ್ದ ಮಗುವಿನ ನಾಚಿಕೆ ಇತ್ತು. "ಎಂಟು ವರ್ಷ ಆ ಇಲಿಗಳ ಜೊತೆ ಒದ್ದಾಡಿ ಒಂದು ಮದ್ದು ಕಂಡುಹಿಡಿದಿದೀಯ. ನಿನ್ನ ಮದ್ದು ನಂಗೆ ಹತ್ತಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವನು ಬಾಗಿಲಿಗೆ ಹಣೆ ಒತ್ತಿದ. ಹಲಗೆ ತಣ್ಣಗಿತ್ತು, ಯಾರೋ ಮೊಳೆಯಿಂದ ಕೆರೆದ ಗೆರೆಗಳು ಕಣ್ಣಿನ ನೇರಕ್ಕೆ ದಪ್ಪವಾಗಿ ಕಂಡವು. ಹಿಡಿದುಕೊಂಡಿದ್ದ ಹುಲ್ಲುಕಡ್ಡಿಯೂ ಅವನದೇ ಕೈಯ ಮಾಟ. ಹಸಿರು ಚೀಟಿಯ ಕರುಳನ್ನು ಅವನು ಎಳೆದ, ಪುಸ್ತಕದ ಅಂಕಿಯನ್ನು ಅವಳು ಮೊಟಕುಮಾಡಿದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು. ಈಗಲೂ ಒಂದು ದಾರಿ ಇತ್ತು. ಸಿಪ್ಪೆ ಕೆಟ್ಟಿತ್ತಂತೆ ಅಕ್ಕ, ಜ್ಯೂಸಿನವನ ತಪ್ಪು ಅಂದರೆ ಸಾಕು, ಅವಳು ನಂಬುತ್ತಾಳೆ, ಅವನನ್ನು ನಂಬುವುದು ಬಿಟ್ಟರೆ ಅವಳಿಗೆ ಬೇರೆ ಕಸುಬಿಲ್ಲ. ಆ ವಾಕ್ಯ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೊರಗಿನ ಹಾಲಿನಲ್ಲಿ ಯಾರೋ ಕುರ್ಚಿ ಎಳೆದರು. ಒಳಗೆ ಅಕ್ಕ ನರಳುವುದನ್ನು ಕೆಮ್ಮಿನಂತೆ ಮಾಡಿದಳು.

"ಅಕ್ಕ, ಮದ್ದು ಕೆಲಸ ಮಾಡಲ್ಲ."

"ನಂಗೆ ಮಾತ್ರ ತಾನೆ—"

"ಯಾರಿಗೂ ಮಾಡಲ್ಲ. ನಾನು ಅಳೀಬೇಕಾದ್ರೆ ಎಳೆದೆ. ಕರುಳನ್ನ. ಸಿಪ್ಪೆ ಕುಡಿದ ಇಲಿ ಯಾವ್ದು ಅಂತ ನಂಗೆ ಗೊತ್ತಿತ್ತು, ಅವನ್ನ ಮಾತ್ರ ಎಳೆದು ಅಳೆದೆ. ಬೇಕಂತ ಅಲ್ಲ. ಬೇಕಂತಾನೇ ಇರ್ಬಹುದು, ನಂಗೆ ಗೊತ್ತಿಲ್ಲ. ಇವತ್ತು ಚೀಟಿ ಇಲ್ದೆ ಅಳೆದ್ರೆ ಏನೂ ಇಲ್ಲ. ಏನೂ ಕೊಡದ ಇಲಿಗೂ ಅದಕ್ಕೂ ಒಂದೇ ಅಳತೆ."

ಇಷ್ಟನ್ನೂ ಅವನು ಮೆಲ್ಲಗೆ ಹೇಳಿದ್ದೇನೆ ಅಂದುಕೊಂಡಿದ್ದ. ಟೈಲ್ಸಿನ ಗೋಡೆ ಅದನ್ನೆಲ್ಲ ದೊಡ್ಡದು ಮಾಡಿ ವಾಪಸ್ಸು ಕೊಟ್ಟಿತು. ಬಾಗಿಲಾಚೆ ನಿಂತ ಹೆಂಗಸಿಗೂ ಕೇಳಿಸಿರಬೇಕು. ಬೈಗುಳಕ್ಕೆ ಕಾದ. ಅವಳು ಬೈಯಬೇಕು, ಚಪ್ಪಲಿ ತೆಗೆದು ಬಾಗಿಲಿಗೆ ಎಸೆಯಬೇಕು, ಆಗ ಅವನು ಅಳಬಹುದಿತ್ತು.

"ಒಂದು ಇಲಿಗೂ ವಾಸಿಯಾಗ್ಲಿಲ್ವಾ?" ಅಕ್ಕ ಕೇಳಿದಳು.

"ಇಲ್ಲ."

"ಒಂದಕ್ಕೂ?"

"ಒಂದಕ್ಕೂ ಇಲ್ಲ ಅಕ್ಕ."

ಆಮೇಲೆ ಕೇಳಿಸಿದ್ದು ಅಳು. ಕಾಯಿಲೆಗೆ ಹೆಸರಿಟ್ಟ ದಿನವೂ ಅಳದವಳು, ಬಸ್ಸಿನಿಂದ ಇಳಿದಾಗಲೂ ಅಳದವಳು, ಬಾಯಿಗೆ ಸೆರಗೂ ಒತ್ತಿಕೊಳ್ಳದೆ ಗೋಳೋ ಅಂತ ಅತ್ತಳು. "ಅಯ್ಯೋ ನಿನ್ನ! ಮೂರು ವಾರದಿಂದ ನನ್ನ ಮೈಯೇ ಕೆಟ್ಟದ್ದು ಅಂದ್ಕೊಂಡಿದ್ನಲ್ಲೋ. ಅಷ್ಟು ಇಲಿಗಳಿಗೆ ಹತ್ತಿದ ಮದ್ದು ನಂಗೊಬ್ಬಳಿಗೆ ಯಾಕೆ ಹತ್ತಲ್ಲ, ನಾನೇ ಏನೋ ತಪ್ಪು ಮಾಡ್ತಿದೀನಿ ಅಂತ ನೀರು ಕಮ್ಮಿ ಹಾಕಿ ನೋಡ್ದೆ, ಜಾಸ್ತಿ ಕುದಿಸಿ ನೋಡ್ದೆ, ಊಟ ಬಿಟ್ಟು ಬರೀ ಅದನ್ನೇ ಕುಡಿದು ನೋಡ್ದೆ. ನಿನ್ನ ಹೆಸರು ಕೆಡಿಸೋಕೆ ಹುಟ್ಟಿದ ಮೈ ಇದು ಅಂತ ರಾತ್ರಿಯೆಲ್ಲ ಹೊಟ್ಟೆಗೆ ಗುದ್ದಿಕೊಂಡಿದೀನಿ. ಹಾಗಾದ್ರೆ ನನ್ನ ತಪ್ಪಲ್ವಾ?"

"ಅಲ್ಲ."

"ಇನ್ನೊಂದ್ಸಲ ಹೇಳು."

"ನಿನ್ನ ತಪ್ಪಲ್ಲ ಅಕ್ಕ. ನಂದು."

ಚಿಲಕ ಸರಿಯಲು ಎರಡು ಸಲ ಪ್ರಯತ್ನ ಬೇಕಾಯಿತು, ಒಳಗಿನ ಬೆರಳುಗಳಲ್ಲಿ ಬಲವಿರಲಿಲ್ಲ. ಬಾಗಿಲು ತೆರೆದಾಗ ಅವನಿಗೆ ಮೊದಲು ಕಂಡದ್ದು ಬಣ್ಣವೇ ಇಲ್ಲದ ತುಟಿಗಳು, ಆಮೇಲೆ ಕೊರಳಿನ ಎರಡು ಮೂಳೆ. ಇವು ಬೆಳಿಗ್ಗೆಯೂ ಇದ್ದವು. ಅಡುಗೆಮನೆಯಲ್ಲಿ, ಅವನ ಕಣ್ಣೆದುರಿಗೇ ಇದ್ದವು. ಅವನು ಕೈ ಚಾಚಿದ. ಅಕ್ಕ ಆ ಕೈಯನ್ನು ನೋಡಿದಳು, ಸಿಟ್ಟಿನಿಂದಲ್ಲ, ಪೆಟ್ಟಾದ ಮೇಲೆ ಮೆಟ್ಟಿಲನ್ನು ಒಮ್ಮೆ ನೋಡಿ ಕಾಲಿಡುವವರ ಹಾಗೆ, ಮತ್ತು ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕಾರಿಡಾರಿನ ಹೆಂಗಸು ಓಡಿಬಂದು ಅವಳ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟಳು. ಅವನಿಗೆ ಉಳಿದದ್ದು ಅಕ್ಕನ ಚೀಲ. ಅದನ್ನು ಎತ್ತಿಕೊಂಡ.

ಓದುವ ಹಾಲಿನಲ್ಲಿ ಎಲ್ಲರೂ ನೋಡುತ್ತಿದ್ದರು. ಅಕ್ಕನ ಬಟ್ಟೆಯ ಹಿಂಭಾಗದಲ್ಲಿ ಕಲೆಯಿತ್ತು. ಅವನು ಅವಳಿಗೆ ಒತ್ತಿಕೊಂಡು, ಕಲೆಗೆ ಅಡ್ಡವಾಗಿ, ಯಾರ ಮುಖವನ್ನೂ ತಪ್ಪಿಸದೆ ನಡೆದ.

"ಆಸ್ಪತ್ರೆಗೇ ಹೋಗೋಣ," ಅಂದ.

"ಹೋಗೋಣ," ಅಂದಳು ಅಕ್ಕ, ತಿರುಗದೆ. ಮೆಟ್ಟಿಲ ಹತ್ತಿರ ನಿಂತು ಉಸಿರು ತೆಗೆದುಕೊಂಡಳು. "ಡಾಕ್ಟ್ರ ಹತ್ರ ನೀನು ಮಾತಾಡ್ಬೇಡ. ಎಷ್ಟು ಸಲ, ಎಷ್ಟು ರಕ್ತ, ಯಾವತ್ತಿಂದ, ಎಲ್ಲ ನಾನೇ ಹೇಳ್ತೀನಿ."

ಅವನು ಹೂಂ ಅಂದ.